ಏಳು ಗೆರೆ, ಹುಣಿಸೆಬೀಜ

ನನ್ನ ಅಕ್ಕ ಹಾಡು ಕಲಿಸುತ್ತಿದ್ದದ್ದು ಹುಣಿಸೆಬೀಜದಿಂದ. ರಾಯದುರ್ಗದಲ್ಲಿ ಅವಳ ಗಂಡನ ಮನೆಯ ಪಡಸಾಲೆಯ ಮೇಲೆ ಸೀಮೆಸುಣ್ಣದಿಂದ ಏಳು ಗೆರೆ ಎಳೆಯುತ್ತಿದ್ದಳು. ಎಲ್ಲಕ್ಕಿಂತ ಕೆಳಗಿನದು ಸ, ಅದರ ಮೇಲಿನದು ರಿ, ಹಾಗೇ ನಿ ತನಕ. ಗೆರೆಯ ಮೇಲೆ ಒಂದು ಬೀಜವಿದ್ದರೆ ಒಂದು ಎಣಿಕೆ ಹಾಡಬೇಕು. ಸೀಳಿದ ಬೀಜದ ಬಿಳಿ ಮುಖ ಕಂಡರೆ ಒಂದು ಎಣಿಕೆ ಸುಮ್ಮನಿರಬೇಕು. ಆರೇಳು ವರ್ಷದ ಎಂಟು ಹೆಣ್ಣುಮಕ್ಕಳು ಬೆರಳು ಸರಿಸುತ್ತ, ಹಿಂದೆಂದೂ ಕೇಳದ ಸಾಲನ್ನೂ ನೋಡಿಯೇ ಹಾಡುತ್ತಿದ್ದರು.

ಅಕ್ಕ ಹೆರಿಗೆಗೆ ಮಡಕಶಿರದ ನಮ್ಮ ತವರಿಗೆ ಬಂದಾಗ, ಕಣ್ಣು ಮಂಜಾಗಿದ್ದ ಅವಳ ಅತ್ತೆಗೆ ಬೇಯಿಸಿ ಹಾಕಲು ನನ್ನನ್ನು ರಾಯದುರ್ಗಕ್ಕೆ ಕಳಿಸಿದರು. ನನಗಾಗ ಹದಿನಾರು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಕ್ಕಳ ಹಾಡಿನ ಪಾಠವನ್ನೂ ನಾನೇ ನಡೆಸಬೇಕಿತ್ತು; ಹೊರಡುವ ಮೊದಲು ಅಕ್ಕ ಎರಡು ಸಲ ಬೀಜದ ಲೆಕ್ಕ ಹೇಳಿಕೊಟ್ಟಳು. ತಿಳಿಯಲಿಲ್ಲ ಅನ್ನಲು ನಾಚಿಕೆಯಾಗಿ ಎರಡೂ ಸಲ ತಲೆಯಾಡಿಸಿದೆ.

ನನ್ನ ಕಂಠ ಚೆನ್ನಾಗಿತ್ತು. ಅದೇ ಕೆಡುಕಾಯಿತು. ಮೊದಲ ದಿನವೇ ನನಗೆ ಬೀಜದ ಸಾಲು ಓದಲು ಬಾರದೆ, ಅಕ್ಕ ಹಾಡುತ್ತಿದ್ದದ್ದನ್ನು ನೆನಪಿನಿಂದಲೇ ಹಾಡಿದೆ. "ಬೀಜ ಬಿಡ್ರೇ, ನನ್ ಬಾಯಿ ನೋಡ್ರೇ" ಅಂದೆ. ಮಕ್ಕಳು ಗಿಣಿಮರಿಗಳ ಹಾಗೆ ಅದನ್ನೇ ಒಪ್ಪಿಸಿದವು. ಒಳಗಿನಿಂದ ಅತ್ತೆ ಕೇಳಿದರು: "ಯಾಕವ್ವ, ಬೀಜದ ಸಪ್ಪಳನ ಇಲ್ಲ? ಹುರಕೊಂಡು ತಿಂದ್ರೇನು?"

"ಹಲ್ಲಿರೋರು ತಿಂದ್ವಿ ಅತ್ತೆ" ಅಂದೆ. ಅವರು ಬೊಚ್ಚುಬಾಯಿ ಬಿಟ್ಟು ನಕ್ಕರು. ಮಾತು ಅಲ್ಲಿಗೇ ಮುಗಿಯಿತು.

ಐದು ತಿಂಗಳಾದ ಮೇಲೆ ಅಕ್ಕ ಕೂಸನ್ನು ಎತ್ತಿಕೊಂಡು ಬಂದಳು. ಊರಿನ ಹೆಣ್ಣುಮಕ್ಕಳ ಶಾಲೆಗೆ ಹಾಡು ಕಲಿಸುವ ಟೀಚರು ಬೇಕಾಗಿದ್ದರು. ಅಕ್ಕನ ಬೀಜದ ಸುದ್ದಿ ಕೇಳಿ, ಬಳ್ಳಾರಿಯಿಂದ ಇನ್‌ಸ್ಪೆಕ್ಟರಮ್ಮ ಅವಳ ಮಕ್ಕಳನ್ನು ನೋಡಲು ಬರುವವರಿದ್ದರು. ಆ ಕೆಲಸದ ಮೇಲೆ ಅಕ್ಕನಿಗೆ ಎಷ್ಟು ಆಸೆಯಿತ್ತೆಂದರೆ, ಮದುವೆಯ ಸೀರೆಯನ್ನು ಆಗಲೇ ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹಾಕಿದ್ದಳು.

"ಎಲ್ಲವೂ ಓದ್ತವೇನೇ?" ಎಂದು ಕೇಳಿದಳು.

"ಓದ್ತವೆ ಕಣಕ್ಕ" ಅಂದೆ.

ಮಾರನೆಯ ದಿನವೇ ಇನ್‌ಸ್ಪೆಕ್ಟರಮ್ಮ ಬಂದರು. ಅಕ್ಕ ಬೀಜ ಜೋಡಿಸಿದಳು. ಮಕ್ಕಳು ಬೆರಳು ಸರಿಸುತ್ತ ಇಂಪಾಗಿ ಹಾಡಿದವು. ಇನ್‌ಸ್ಪೆಕ್ಟರಮ್ಮನ ಮುಖ ಅರಳಿತು. ಆಮೇಲೆ ಅವರು ಬಗ್ಗಿ, ಗ ಗೆರೆಯ ಮೇಲಿದ್ದ ಮೂರು ಬೀಜಗಳನ್ನು ಪ ಗೆರೆಗೆ ಏರಿಸಿ, "ಈಗ ಹಾಡಿ" ಅಂದರು.

ಐದು ತಿಂಗಳಲ್ಲಿ ಬೀಜ ನೋಡುವ ರೂಢಿಯೇ ತಪ್ಪಿತ್ತು; ಎಂಟೂ ಮಕ್ಕಳು ಹಳೆಯದನ್ನೇ ಹಾಡಿದವು.

"ಬಾಯಿಪಾಠ ಚೆನ್ನಾಗಿದೆಯಮ್ಮ. ಆದರೆ ಓದಲು ಬರುವುದಿಲ್ಲವಲ್ಲ."

ಆಗ ಎಲ್ಲರಿಗಿಂತ ಚಿಕ್ಕವಳು, ಮುಂದಿನ ಹಲ್ಲು ಬಿದ್ದಿದ್ದವಳು, ನನ್ನತ್ತ ಬೆರಳು ತೋರಿಸಿದಳು. "ಬೀಜ ನೋಡಬ್ಯಾಡ್ರಿ, ಬಾಯಿ ನೋಡ್ರಿ ಅಂದಾರ್ರಿ ಸಣ್ಣಕ್ಕ."

"ನಾನೆಲ್ಲಿ ಅಂದೆ? ಸುಳ್ಳು ಹೇಳ್ತಾಳೆ" ಅಂದೆ.

ಮಗು ಅಳಲಿಲ್ಲ. ಎತ್ತಿದ ಬೆರಳನ್ನು ನಿಧಾನವಾಗಿ ಮಡಿಲಿಗೆ ಇಳಿಸಿಕೊಂಡಿತು. ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಆ ಮಗುವನ್ನು ಹತ್ತಿರ ಎಳೆದುಕೊಂಡು, "ಕೂಸು ಸುಳ್ಳು ಹೇಳಾದಿಲ್ಲ ರೀ. ಕಲಿಸಿದ್ದರಲ್ಲೇ ತಪ್ಪಾಗೈತೆ. ಆ ತಪ್ಪು ನಂದು" ಎಂದು ಇನ್‌ಸ್ಪೆಕ್ಟರಮ್ಮನಿಗೆ ಹೇಳಿದಳು.  ಆಗಲೂ ನಾನು ಕಂಬಕ್ಕೆ ಒರಗಿ ನಿಂತೇ ಇದ್ದೆ.

ಕೆಲಸ ಬೇರೆಯವರಿಗಾಯಿತು. ಸೀರೆ ಪೆಟ್ಟಿಗೆ ಸೇರಿತು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅಕ್ಕ ಬೈಯಲೂ ಇಲ್ಲ, ಕೇಳಲೂ ಇಲ್ಲ. ಮರುದಿನ ಗೆರೆ ಎಳೆದು, ಮಕ್ಕಳ ಸಾಲಿನ ಕೊನೆಯಲ್ಲಿ ಕೈಯಿಂದ ಜಾಗ ಒರೆಸಿ, "ನೀನೂ ಕೂತ್ಕೊ" ಅಂದಳು.

ಆ ಜಾಗ ಹಲ್ಲಿಲ್ಲದವಳ ಪಕ್ಕದಲ್ಲಿತ್ತು. ಅವಳು ಮೊಣಕಾಲು ಮಡಚಿ ಸ್ವಲ್ಪ ಸರಿದುಕೊಂಡಳು. ಎರಡು ಸಾಲು ಮುಗಿಯುವ ತನಕ ನನ್ನ ಮುಖ ನೋಡಲಿಲ್ಲ. ಮೂರನೆಯ ಸಾಲಿನಲ್ಲಿ ನಾನು ತಡವರಿಸಿದೆ. ಪುಟ್ಟ ಕೈಯೊಂದು ಬಂದು ನನ್ನ ಬೆರಳು ಹಿಡಿದು, ಒಂದು ಗೆರೆ ಮೇಲಕ್ಕೆ ಎತ್ತಿ ಇಟ್ಟಿತು.

"ರಿ ಅಲ್ರಿ ಸಣ್ಣಕ್ಕ. ಇದು, ಗ."

ಸ್ವರ ಓದಲು ನಾನು ಕಲಿತದ್ದು ಅವಳಿಂದ. ನಾನು ಊರಿಗೆ ಮರಳುವ ತನಕ, ಒಂದೂವರೆ ತಿಂಗಳು, ದಿನವೂ ಅವಳ ಪಕ್ಕದಲ್ಲೇ ಕುಳಿತೆ. ನೀನು ಹೇಳಿದ್ದೇ ನಿಜ ಎಂದು ಎಲ್ಲರ ಮುಂದೆ ಒಂದು ಮಾತು ಹೇಳಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಹೇಳಲಿಲ್ಲ. ಅವಳು ಹೇಳಿದ್ದೇ ನಿಜ.