ಹಲ್ಲಿನ ಡಾಕ್ಟರು ಬರುತ್ತಿಲ್ಲ

ಹತ್ತೊಂಬತ್ತು ತುಂಬುವ ಹೊತ್ತಿಗೆ ನನ್ನ ಮೇಲಿನ ಸಾಲಿನ ಒಂದು ಹಲ್ಲು ಹೋಯಿತು. ಮುಂದಿನೆರಡು ಹಲ್ಲುಗಳ ಪಕ್ಕದ್ದು, ನಕ್ಕರೆ ಕಾಣುವಂಥದ್ದು. ಈಗ ಅಲ್ಲಿ ಕಟ್ಟಿಸಿದ ಹಲ್ಲಿದೆ. ಚಿಕ್ಕಂದಿನಲ್ಲಿ ಬಿದ್ದಿರಾ ಎಂದು ಕೇಳುವವರಿದ್ದಾರೆ. ಹೂಂ ಎಂದು ಸುಮ್ಮನಾಗುತ್ತೇನೆ.

ಅದು ಎಪ್ಪತ್ತರ ದಶಕದ ಕೊನೆ. ನಮ್ಮೂರು ತುರುವೇಕೆರೆಗೂ ತಿಪಟೂರಿಗೂ ನಡುವೆ. ಬೆಂಗಳೂರಿನಿಂದ ಹಲ್ಲಿನ ಡಾಕ್ಟರೊಬ್ಬರು ಪ್ರತಿ ಶನಿವಾರ ತಿಪಟೂರಿಗೆ ಬಂದು, ಒಂದು ಕೊಬ್ಬರಿ ಮಂಡಿಯ ಮಹಡಿಯಲ್ಲಿ ಕೂರುತ್ತಿದ್ದರು. ಅಣ್ಣನ ಜೊತೆ ಹೋಗಿದ್ದಾಗ ಅವರು ನನ್ನ ಹುಳುಕು ಹಲ್ಲನ್ನು ಕೆರೆದು, ತೂತಿಗೆ ಏನೋ ಬೆಳ್ಳಗಿನದನ್ನು ಮೆತ್ತಿ, "ಇದು ತಾತ್ಕಾಲಿಕ ಅಮ್ಮ. ಮುಂದಿನ ತಿಂಗಳು ಬನ್ನಿ, ಗಟ್ಟಿಯಾಗಿ ತುಂಬ್ತೀನಿ. ಹಾಗೇ ಬಿಟ್ರೆ ಕೀಳಬೇಕಾಗುತ್ತೆ" ಎಂದಿದ್ದರು.

ಮುಂದಿನ ತಿಂಗಳಿಗೆ ಕಾಲರಾ ಬಂತು. ಪಕ್ಕದ ಹಟ್ಟಿಯಲ್ಲಿ ತಾಯಿ ಮಗು ಒಂದೇ ದಿನ ಹೋದರು. ನನ್ನ ಅಣ್ಣ ಆರೋಗ್ಯ ಇಲಾಖೆಯಲ್ಲಿ ಇಂಜೆಕ್ಷನ್ ಹಾಕುವ ಕೆಲಸದಲ್ಲಿದ್ದ. ಬೆಳಗಾದರೆ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಸುರಿಯುವುದು, ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇಳಿದವರ ತೋಳಿಗೆಲ್ಲ ಚುಚ್ಚುವುದು. ನೀರು ಕಾಯಿಸಿ ಕುಡಿಯಿರಿ ಎಂದ, ಊರು ಕಾಯಿಸಿತು. ಕೊಯ್ದಿಟ್ಟ ಹಣ್ಣು ತಿನ್ನಬೇಡಿ ಎಂದ, ಊರು ಬಿಟ್ಟಿತು. ಅವನ ಮಾತೆಂದರೆ ಅಷ್ಟು ನಂಬಿಕೆ. ನನಗಂತೂ ಹೆಮ್ಮೆಯೋ ಹೆಮ್ಮೆ.

ಶನಿವಾರ ಸೀರೆ ಉಟ್ಟು ಹೊರಟವಳನ್ನು ಅವನು ಬಾಗಿಲಲ್ಲೇ ತಡೆದ.

"ಎಲ್ಲಿಗೆ ಕಣೇ? ಹಲ್ಲಿನ ಡಾಕ್ಟ್ರು ಬತ್ತಾ ಇಲ್ಲ. ಕಾಲರಾ ಮುಗಿಯೋಗಂಟ ಬಾಗ್ಲು ಹಾಕವ್ರೆ."

ಜನ ಜೀವಕ್ಕೆ ಒದ್ದಾಡುವಾಗ ನನ್ನದೊಂದು ಹಲ್ಲು ಯಾವ ದೊಡ್ಡದು ಎಂದು ನನಗೇ ನಾಚಿಕೆಯಾಯಿತು. ಸೀರೆ ಬಿಚ್ಚಿ ಮಡಿಸಿಟ್ಟೆ. ಮುಂದಿನ ಶನಿವಾರವೂ ಅದೇ ಉತ್ತರ. ಅದರ ಮುಂದಿನದಕ್ಕೂ ಅದೇ. ಅಷ್ಟರಲ್ಲಿ ಹುರಿಗಾಳು ತಿನ್ನುವಾಗ ಆ ಬೆಳ್ಳಗಿನದು ಉದುರಿ, ನೋವು ಶುರುವಾಯಿತು. ಅಣ್ಣ ಎಲ್ಲಿಂದಲೋ ಪುಟ್ಟ ಶೀಶೆಯಲ್ಲಿ ಲವಂಗದ ಎಣ್ಣೆ ತಂದುಕೊಟ್ಟ. ಅವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿಯಲ್ಲಿ ಅದ್ದಿ ಹಚ್ಚುತ್ತಿದ್ದಳು.

"ಅಟ್ಟದ ಮೇಲಿನ ಕಾಯಿ ವರ್ಷ ಕಾದ್ರೇನೆ ಕೊಬ್ಬರಿ ಆಗೋದು. ನಿಂಗೆ ಇನ್ನೆಂಟು ದಿನ ತಡ್ಕೊಳ್ಳಕ್ಕಾಗಲ್ವ?"

"ಕೊಬ್ಬರಿಗೆ ನೋವಾಗಲ್ಲ ಬುಡವ್ವ" ಎಂದೆ. ಇಬ್ಬರೂ ನಕ್ಕೆವು.

ಕಾಲರಾ ಇಳಿಯಿತು. ಅಣ್ಣ ಚಿಕ್ಕನಾಯಕನಹಳ್ಳಿ ಕಡೆ ಡ್ಯೂಟಿಗೆ ಹೋಗಿದ್ದ ಒಂದು ಶನಿವಾರ, ಡಾಕ್ಟರು ಈಗಲಾದರೂ ಬಂದಿರಬಹುದೆಂದು, ಊದಿದ ಕೆನ್ನೆಗೆ ಸೆರಗು ಮುಚ್ಚಿಕೊಂಡು ಒಬ್ಬಳೇ ಬಸ್ಸು ಹತ್ತಿದೆ. ಬಾಯಿ ನೋಡಿದ ಡಾಕ್ಟರಿಗೆ ಸಿಟ್ಟು ಬಂತು.

"ಇಷ್ಟು ದಿನ ಯಾಕಮ್ಮ ಬರ್ಲಿಲ್ಲ?"

"ನೀವೇ ಬಾಗಿಲು ಹಾಕಿದ್ರಲ್ಲ ಸಾರ್."

"ಒಂದು ಶನಿವಾರಾನೂ ತಪ್ಪಿಸಿಲ್ಲ ನಾನು. ನಿಮ್ಮಣ್ಣನೇ ಎರಡು ಸಲ ಬಂದು ದವಡೆ ಹಲ್ಲು ತುಂಬಿಸ್ಕೊಂಡು ಹೋದ್ರು. ನಿಮಗೆ ಅಂತ ಲವಂಗದ ಎಣ್ಣೆ ಕೊಟ್ಟಿದ್ದೆ, ಬೇಗ ಕರ್ಕೊಂಡು ಬನ್ನಿ ಅಂತಾನೂ ಹೇಳಿದ್ದೆ."

ಹಲ್ಲು ಕೀಳುವಾಗ ನನಗೆ ಏನೂ ಗೊತ್ತಾಗಲಿಲ್ಲ. ಊರಿಗೆಲ್ಲ ನಿಜ ಹೇಳಿದ ಬಾಯಿ ನನಗೊಬ್ಬಳಿಗೆ ಯಾಕೆ ಸುಳ್ಳು ಹೇಳಿತು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಸಂಜೆ ಅಣ್ಣ ಸೈಕಲ್ ನಿಲ್ಲಿಸುವ ಮೊದಲೇ ಬಾಯಲ್ಲಿದ್ದ ಹತ್ತಿ ಉಗಿದು ಕೇಳಿದೆ. ಅವನು ತಲೆ ತಗ್ಗಿಸಲಿಲ್ಲ. ನಾನು ಮೊದಲ ಸಲ ಹೋಗಿಬಂದ ಮೇಲೆ, ಡಾಕ್ಟರ ಮಹಡಿಯ ಕೆಳಗಿನ ಮಂಡಿಯವರ ಮಗನಿಗೆ ನನ್ನನ್ನು ಕೇಳುವ ಮಾತು ಹೊರಟಿತ್ತಂತೆ.

"ಅವರ ಕಣ್ಣೆದುರಿಗೇ ನೀನು ಮೆಟ್ಲು ಹತ್ತಿದ್ರೆ? ಹೆಣ್ಣಿಗೆ ಹಲ್ಲು ಹುಳುಕು ಅಂತ ಆಗಿದ್ರೆ ಸಂಬಂಧ ನಿಲ್ತಿತ್ತಾ?"

"ನೀನು ಹತ್ತಿದ್ಯಲ್ಲ?"

"ನನ್ನ ಯಾರು ನೋಡಕ್ಕೆ ಬತ್ತಾರೆ?"

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅವ್ವನಿಗೆ ಹೇಳಿಕೊಂಡು ಅತ್ತೆ. ಅವಳೂ ಅತ್ತಳು. ಮನೆಯಲ್ಲಿ ನನ್ನವಳು ಅಂತ ಇವಳೊಬ್ಬಳಾದರೂ ಇದ್ದಾಳಲ್ಲ ಎಂದು ಆ ದಿನ ಸಮಾಧಾನಪಟ್ಟುಕೊಂಡೆ.

ತಿಂಗಳು ಕಳೆದು ಮಂಡಿಯವರು ಹೆಣ್ಣು ನೋಡಲು ಬಂದರು. ಬಾಯಿ ತೆರೆಯಬೇಡ ಎಂದು ಮನೆಯಲ್ಲಿ ನೂರು ಸಲ ಹೇಳಿಸಿಕೊಂಡಿದ್ದೆ. ಬೇಕೆಂದೇ ಹುಡುಗನ ತಾಯಿಯ ಮುಖ ನೋಡಿ ಬಾಯ್ತುಂಬ ನಕ್ಕೆ. ಆಕೆ ನನ್ನ ಗಲ್ಲ ಹಿಡಿದು ನೋಡಿದರು.

"ಅಯ್ಯೋ ಮಗಾ, ನಮ್ಮ ಮಂಡಿ ಮೇಲೇ ಡಾಕ್ಟ್ರು ಕೂತ್ಕೋತಾರಲ್ಲವ್ವ. ಮೊದ್ಲೇ ತೋರಿಸಿದ್ರೆ ಉಳೀತಿತ್ತು. ನನ್ನ ಮಗನಿಗೂ ಎರಡು ತುಂಬ್ಸಿದ್ದೀವಿ. ಹೋಗ್ಲಿ ಬುಡು, ಕಟ್ಟಿಸಿದ್ರಾಯ್ತು."

ಸಂಬಂಧ ಅಲ್ಲೇ ಒಪ್ಪಿಗೆಯಾಯಿತು. ಅವರು ಹೋದ ಮೇಲೆ ಅಣ್ಣನ ಮುಂದೆ ನಿಂತು, "ಕೇಳಿಸ್ತಾ?" ಎಂದೆ.

"ನನ್ನೊಬ್ಬನ್ನೇ ಯಾಕೆ ತಿಂತೀಯ? ಅವ್ವನ್ನೂ ಕೇಳು" ಎಂದ.

ಅವ್ವ ಕಾಫಿ ಲೋಟ ಎತ್ತುತ್ತಿದ್ದಳು. ತಿರುಗಲಿಲ್ಲ.

"ಹೂಂ ಕಣೇ. ಡಾಕ್ಟ್ರು ಬತ್ತಿಲ್ಲ ಅನ್ನು ಅಂತ ನಾನೇ ಹೇಳ್ಕೊಟ್ಟೆ. ಹೆತ್ತೋಳಿಗೆ ಭಯ ಇರಲ್ವ?"

ಅಣ್ಣನ ಜೊತೆ ಒಂದು ವರ್ಷ ಮಾತು ಬಿಟ್ಟು ಮತ್ತೆ ಸೇರಿದೆ. ಅವ್ವನ ಜೊತೆ ಒಂದು ದಿನವೂ ಮಾತು ಬಿಡಲಿಲ್ಲ, ನೋವು ಹೇಳಿಕೊಳ್ಳುವುದನ್ನು ಮಾತ್ರ ಬಿಟ್ಟೆ. ಮೊದಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ನಾನು ಹೋಗಲಿಲ್ಲ. ಕರೆಯಲು ಬಂದ ಅವ್ವನಿಗೆ, ಈ ಸ್ಥಿತಿಯಲ್ಲಿ ಅಷ್ಟು ದೂರ ಆಗಲ್ಲ ಎಂದೆ. ತಿಪಟೂರಿನ ಗಂಡನ ಮನೆಯಿಂದ ನಮ್ಮೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಅವಳು ಮುಂದಿನ ಬಸ್ಸಿಗೇ ಹೊರಟುಹೋದಳು.