ಕೆರೆ ದಾಟಿ ಹೋದ ದನಿ

ಇಂಥ ಸಂಗತಿಗಳನ್ನು ನಾನು ನಂಬುವವನಲ್ಲ. ಹುಣಸೆಮರದ ಕೆಳಗೆ ಏನೋ ಕಂಡೆ ಎಂದು ಯಾರಾದರೂ ಹೇಳಿದರೆ, ಮರುದಿನ ಸಿಂಧನೂರಿನ ಚಹದಂಗಡಿಯಲ್ಲಿ ಅವರ ನಡುಗುವ ದನಿಯನ್ನೇ ಮಾಡಿ ತೋರಿಸಿ ಮಂದಿಯನ್ನು ನಗಿಸುತ್ತಿದ್ದೆ. ದನಿ ಮಾಡುವುದೇ ನನ್ನ ಕೆಲಸ. ಮೈಕು ಕಟ್ಟಿಕೊಂಡು ಊರೊಳಗೆ ತಿರುಗುವ ಪ್ರಚಾರದ ಆಟೋಗಳಲ್ಲಿ ಸೀರೆ ಅಂಗಡಿಗೂ ಕಣ್ಣಿನ ಶಿಬಿರಕ್ಕೂ ಒಂದೇ ಉತ್ಸಾಹದಲ್ಲಿ ಒದರುವವನು ನಾನೇ. ಮದುವೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಬೀಗರ ದನಿಯನ್ನು ಬೀಗರ ಎದುರೇ ಮಾಡಿ ಊಟವಿಲ್ಲದೆ ಮರಳಿದ್ದೂ ಉಂಟು. ಹಾಗಾಗಿ ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೆ ಬೇಸರವಿಲ್ಲ. ಇದು ನಿಮ್ಮ ಸರದಿ.

ಕೆಲವು ವರ್ಷಗಳ ಹಿಂದಿನ ಮೇ ತಿಂಗಳು. ಲಗ್ನದ ಸೀಜನ್ನು ಮುಗಿಯುತ್ತ ಬಂದು ನನ್ನ ಗಂಟಲೂ ಮುಗಿಯುತ್ತ ಬಂದಿತ್ತು. ಗೆಳೆಯ ಬಸವರಾಜ ಹಟ್ಟಿಯ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದಿದ್ದ. ಬಳಗಾನೂರಿನಲ್ಲಿ ಟ್ರ್ಯಾಕ್ಟರ್ ಪಂಕ್ಚರ್ ಹಾಕುವ ಮಹೆಬೂಬ ಹಿಂದಿನ ದಿನವೆಲ್ಲ ಬಿಸಿಲಲ್ಲಿ ಟೈರು ಬಿಚ್ಚಿ ಸೋತಿದ್ದ. ಯಾರಿಗೂ ತಿರುಗಾಟಕ್ಕೆ ಹೋಗುವ ಮನಸ್ಸಿರಲಿಲ್ಲ. ಎಂದೋ ಮಾತಾಡಿಕೊಂಡಿದ್ದೆವಲ್ಲ, ತಪ್ಪಿಸುವುದು ಹೇಗೆ ಎಂದು ಮೂವರೂ ಹೋದೆವು.

ಮಸ್ಕಿ ದಾಟಿ ಪಾಮನಕಲ್ಲೂರಿನ ಕಡೆಗೆ ಹೋದರೆ ಒಂದು ಕೆರೆ ಇದೆ. ಅದರ ನಡುವೆ ಬಂಡೆಗಲ್ಲು, ಜಾಲಿಗಿಡಗಳ ಒಂದು ನಡುಗಡ್ಡೆ. ಮೀನು ಹಿಡಿಯುವ ಯಂಕಪ್ಪ ಕಾಕಾ ತನ್ನ ಹರಗೋಲಿನಲ್ಲಿ ನಮ್ಮನ್ನು ಅಲ್ಲಿ ಇಳಿಸಿ ದಂಡೆಗೆ ಮರಳಿದ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ವಾಪಸಾಗಬೇಕೆಂದರೆ ನೀರಿನಂಚಿಗೆ ನಿಂತು ಕೂಗಬೇಕು, ಅವನು ಕೇಳಿ ಬರಬೇಕು. ಆಡು ಮೇಯಿಸುವವರು, ಬಲೆಯವರು, ಒಬ್ಬೊಬ್ಬರ ಕೂಗೂ ಅವನಿಗೆ ಗುರುತು.

ಇಂಥ ಪದ್ಧತಿ ಕಂಡ ಮೇಲೆ ನಾನು ಸುಮ್ಮನಿರುವುದುಂಟೇ? ಮಹೆಬೂಬನ ದನಿಯಲ್ಲಿ, "ಕಾಕಾ, ಚೇಳು ಕಡದೈತಿ, ಬಾರೋ!" ಎಂದು ಅಳುತ್ತ ಕೂಗಿದೆ. ಪಾಪ, ಅವನು ಏದುಸಿರು ಬಿಡುತ್ತ ಹುಟ್ಟು ಹಾಕಿಕೊಂಡು ಬಂದ.

"ಖರೇನ ಕಡದಿದ್ರೂ ನಾ ಇಷ್ಟು ಚಂದ ಅಳತಿದ್ದಿಲ್ಲ ಬಿಡಲೇ," ಎಂದು ಮಹೆಬೂಬ ಬಿದ್ದು ಬಿದ್ದು ನಕ್ಕ.

ಕಾಕಾ ನಗಲಿಲ್ಲ. "ಏ ತಮ್ಮಾ, ಎಲ್ಲಾರ ದನಿ ನಿನ್ನ ಬಾಯಾಗ ಅದಾವ. ನಿನ್ನ ದನಿ ಬ್ಯಾರೆ ಯಾರ ಬಾಯಾಗೂ ಇಲ್ಲ. ಇನ್ನ ನೀ ನಿನ್ನ ದನ್ಯಾಗ ಕರದ್ರಷ್ಟ ಬರ್ತೀನಿ. ಬ್ಯಾರೆ ಯಾರು ಕರದ್ರೂ ಬರಂಗಿಲ್ಲ."

"ನನ್ನ ದನಿ ಯಾವ್ದಂತ ನನಗ ಗೊತ್ತಿಲ್ಲಲ್ಲ ಕಾಕಾ?"

"ಹುಡುಕ್ಕೋ," ಎಂದು ಹೊರಟೇಹೋದ.

ರೊಟ್ಟಿ, ಶೇಂಗಾ ಚಟ್ನಿ ತಿಂದು ಜಾಲಿಯ ನೆರಳಲ್ಲಿ ಮಲಗಿದೆವು. ನೆರಳು ಯಾವಾಗ ಸರಿಯಿತೋ ಗೊತ್ತಾಗಲಿಲ್ಲ. ಎಚ್ಚರಾದಾಗ ಮಹೆಬೂಬ ಬಿಸಿಲಲ್ಲಿ ಬಿದ್ದುಕೊಂಡು "ಅಮ್ಮೀ, ಅಮ್ಮೀ" ಎನ್ನುತ್ತಿದ್ದ. ನನ್ನನ್ನೇ ಅಣಕಿಸುತ್ತಿದ್ದಾನೆ ಎಂದುಕೊಂಡೆ. ಮುಟ್ಟಿದರೆ ಮೈ ಹಂಚಿನ ಹಾಗಿತ್ತು. ಬೆವರಿನ ಹನಿಯೂ ಇರಲಿಲ್ಲ. ನೀರಿಗೆ ಎಳೆದೊಯ್ದು ತಲೆ, ಎದೆ ತೋಯಿಸಿದೆವು. ಕಣ್ಣು ಮೇಲಾದವು.

ಬಸವರಾಜ ಎದೆ ಬಿರಿಯುವಂತೆ ಕೂಗಿದ: "ಕಾಕಾ, ಬಾ! ಕಾಕಾ, ಬಾ!" ಆಚೆ ದಂಡೆಯ ಬೇವಿನ ಕೆಳಗೆ ಕಾಕಾ ಎದ್ದು ನಿಂತದ್ದು ಕಾಣಿಸಿತು. ಈ ಕಡೆ ನೋಡಿದ, 'ಹೋಗ್ರಲೇ' ಎನ್ನುವಂತೆ ಕೈಯಾಡಿಸಿದ, ಮತ್ತೆ ಕೂತ. ಟವೆಲ್ ಬೀಸಿದೆವು. ಅವನೂ ಟವೆಲ್ ಬೀಸಿದ. ನಮ್ಮಿಬ್ಬರಿಗೂ ಈಜು ಬಾರದು.

"ನೀ ಕರಿಯಲೇ! ಇವತ್ತರ ನೆಟ್ಟಗ ಕರಿ!" ಬಸವರಾಜ ನನ್ನ ಕಾಲರು ಹಿಡಿದ.

ಬಾಯಿ ತೆರೆದೆ. ಬರೀ ಗಾಳಿ ಬಂತು, ಮಹೆಬೂಬನ ಅಂಗಡಿಯಲ್ಲಿ ಟೈರಿನಿಂದ ಹೋಗುವಂಥ ಗಾಳಿ. ಸೀಜನ್ನಿನ ದಣಿವು, ಬೆಳಗಿನ ಚೇಷ್ಟೆ, ಭಯ, ಯಾವುದೋ ಒಂದು ಗಂಟಲನ್ನು ಪೂರಾ ಕಟ್ಟಿಬಿಟ್ಟಿತ್ತು. ಮತ್ತೆ ಮತ್ತೆ ನೋಡಿದೆ. ಪಕ್ಕದಲ್ಲೇ ನಿಂತ ಬಸವರಾಜನಿಗೂ ಏನೂ ಕೇಳಲಿಲ್ಲ. ನಾನು ಮಹೆಬೂಬನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟೆ.

ಅಷ್ಟರಲ್ಲಿ ಹರಗೋಲು ದಂಡೆ ಬಿಟ್ಟಿತು.

ಕಾಕಾ ಹಿಂದೆಂದೂ ಕಾಣದ ರಭಸದಲ್ಲಿ ಬಂದ. ಹರಗೋಲಿನೊಳಗೆ ತೋಯಿಸಿದ ಗೋಣಿಚೀಲ, ಒಂದು ತಂಬಿಗೆ ಮಜ್ಜಿಗೆ.

"ಇವೆಲ್ಲ ಯಾಕ ತಂದಿ ಕಾಕಾ?" ಎಂದ ಬಸವರಾಜ.

"ಮಹೆಬೂಬಗ ಬಿಸಲು ಬಡದೈತಿ ಅಂತ ಇವನ ಒದರಿದ್ನಲ್ಲ," ಎಂದು ನನ್ನ ಕಡೆ ಗದ್ದ ತೋರಿಸಿದ. "ಹಿಡೀರಿ, ಎತ್ರಿ."

ದಂಡೆ ಮುಟ್ಟಿದಾಗ ಕಾಕಾನ ಹೆಂಡತಿ ರಸ್ತೆಗೆ ಹೋಗಿ ಒಂದು ಟಂಟಂ ಗಾಡಿ ನಿಲ್ಲಿಸಿಕೊಂಡಿದ್ದಳು. "ನಾನೂ ಕೇಳೀನಪಾ," ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಹಂಗ ಅಳಬಾರ್ದು. ಏನೂ ಆಗಂಗಿಲ್ಲ ಅವಗ." ಅಲ್ಲ, ನಾನಲ್ಲ ಎಂದು ಹೇಳಲು ನನಗೆ ದನಿಯೇ ಇರಲಿಲ್ಲ.

ಮಸ್ಕಿಯಲ್ಲಿ ಸಲೈನು ಹಚ್ಚಿದರು. ಸಂಜೆಗೆ ಮಹೆಬೂಬ ಕಣ್ಣು ತೆರೆದು ನಮ್ಮಿಬ್ಬರ ಮುಖ ನೋಡಿ, "ಯಾರು ಸತ್ತಾರಲೇ?" ಎಂದ. ಬಸವರಾಜ ಹೊರಗೆ ಹೋಗಿ ಅತ್ತ.

ಇದಕ್ಕೆ ಕಾರಣಗಳನ್ನು ನಾನೂ ಹುಡುಕಿದ್ದೇನೆ. ನಾವು ಮಹೆಬೂಬನನ್ನು ಎಳೆದಾಡುವುದನ್ನು ಕಂಡು ಕಾಕಾ ಮನಸ್ಸು ಬದಲಿಸಿರಬಹುದು, ತನ್ನ ಹಟ ಬಿಟ್ಟುಕೊಟ್ಟೆ ಎನ್ನಲು ನಾಚಿ ನನ್ನ ಹೆಸರು ಹೇಳಿರಬಹುದು. ಆದರೆ ತಾನೂ ಕೇಳಿದೆ ಎಂದ ಆ ತಾಯಿ ಸುಳ್ಳು ಹೇಳುವವಳಲ್ಲ. ದಂಡೆಯಲ್ಲಿ ಅವರಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಕೆಲವು ದಿನಗಳಾದ ಮೇಲೆ ದನಿ ಮರಳಿತು. ಯಾವ ವೇಷವೂ ಇಲ್ಲದೆ ಅದನ್ನೇ ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡು ಕೆರೆಗೆ ಹೋದೆ. ಬಲೆ ಹೊಲಿಯುತ್ತ ಕೂತಿದ್ದ ಕಾಕಾ ಕೇಳಿದ. ಇನ್ನೊಮ್ಮೆ ಹಚ್ಚು ಎಂದ. ಕೇಳಿ ತಲೆಯಾಡಿಸಿದ.

"ಇದೂ ನಕಲೀನ ಐತಿ ತಮ್ಮಾ. ಅವತ್ತಿಂದು ಇದಲ್ಲ."

ಅದು ಯಾವುದು, ಯಾರದು, ನನಗೆ ಇವತ್ತಿಗೂ ತಿಳಿದಿಲ್ಲ. ಮೂವರೂ ಕೂಡಿದಾಗಲೆಲ್ಲ ಮಹೆಬೂಬ ಕೇಳುತ್ತಾನೆ: "ಊರಾಗಿನ ಎಲ್ಲಾರ್ದೂ ಮಾಡ್ತಿ. ಅವತ್ತು ನನ್ನ ಸಲುವಾಗಿ ಕರದದ್ದು ಒಮ್ಮೆ ಮಾಡಿ ತೋರ್ಸು ಲೇ." ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುತ್ತೇನೆ. ಕಡೆಗೆ ಯಂಕಪ್ಪ ಕಾಕಾನ ದನಿ ಮಾಡಿಬಿಡುತ್ತೇನೆ. ಬಸವರಾಜ ನಗುತ್ತಾನೆ. ಮಹೆಬೂಬ ಮಾತ್ರ ಇನ್ನೂ ಕೇಳಿಸಿಕೊಳ್ಳುವವನ ಹಾಗೆ ನನ್ನನ್ನೇ ನೋಡುತ್ತ ಕೂತಿರುತ್ತಾನೆ.