ಬೀಜದ ಮಡಕೆಯಲ್ಲಿ ಅಪ್ಪನ ಬೈಗುಳ

ನಾನು ಪಿರಿಯಾಪಟ್ಟಣದಲ್ಲಿ ಹೈಸ್ಕೂಲು ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವವನು. ಬೇಕಾದ ಫೈಲನ್ನು ಒಂದೇ ಕಡೆ ಇಟ್ಟವನು ಮೂರ್ಖ, ಮೂರು ಕಡೆ ಇಡಬೇಕು ಎಂದು ವರ್ಷಾವರ್ಷ ಗಂಟಲು ಹರಿದುಕೊಳ್ಳುತ್ತೇನೆ. ನಮ್ಮ ಮನೆಯ ಫೈಲುಗಳು ಮಾತ್ರ ಒಂದೇ ಹಾರ್ಡ್ ಡಿಸ್ಕಿನಲ್ಲಿ, ಬೀರುವಿನೊಳಗೆ, ಕರ್ಚೀಫು ಸುತ್ತಿಕೊಂಡು ಮಲಗಿದ್ದವು. ಮನೆಯಲ್ಲಿ ಮೂರ್ಖನಾಗಿರಲು ಯಾರ ಅಪ್ಪಣೆಯೂ ಬೇಕಿಲ್ಲವಲ್ಲ.

ಅದರಲ್ಲಿ ಸಾವಿರಾರು ಫೋಟೊ ಇದ್ದವು. ಅರ್ಧಕ್ಕರ್ಧ ಯಾರದೋ ಮದುವೆಯ ಊಟದೆಲೆಗಳು. ಹೋದರೆ ಹೋಗಲಿ. ಹೋಗಬಾರದ್ದು ಒಂದೇ, ಅಪ್ಪನ ನಲವತ್ತು ಸೆಕೆಂಡಿನ ವಿಡಿಯೊ. ಅಪ್ಪನಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಾಗ ಕದ್ದು ಹಿಡಿದಿದ್ದೆ. ಒಂದು ಕಡ್ಡಿ ಮುಗಿಸಿ ತಲೆ ಎತ್ತಿದವನು, "ಏನ್ಲಾ ಅದ್ನ ಇಡ್ಕಂಡು ನಿಂತಿದ್ದೀಯ? ಮಡುಗ್ಲಾ ಕೆಳಕ್ಕೆ! ಬಂದು ಸೊಪ್ಪು ಎತ್ಕೊಡು!" ಎಂದು ಅಬ್ಬರಿಸಿದ. ಮುಂದಿನ ವರ್ಷ ಸೊಪ್ಪು ಮುರಿಯುವ ಹೊತ್ತಿಗೆ ಅಪ್ಪ ಇರಲಿಲ್ಲ. ಅವನ ದನಿ ಅಂತ ನಮಗೆ ಉಳಿದದ್ದು ಆ ಬೈಗುಳವೊಂದೇ.

ಅವರೆ ಸುಗ್ಗಿ ಮುಗಿದ ಮೇಲೆ ಒಂದು ದಿನ ಅವ್ವ ಡಿಸ್ಕಿನ ಕಡೆ ಕೈ ತೋರಿಸಿ ಕೇಳಿದಳು, "ಅದು ಯಾತರಿಂದ ಕೆಡ್ತದ್ಲಾ?"

"ಶೀತದಿಂದ" ಅಂದೆ. ಅಲ್ಲೇ ನಾನು ಕೆಟ್ಟೆ.

ವಾರದೊಳಗೆ ಡಿಸ್ಕು ಮಾಯ. ಬೀರು ಬುಡಮೇಲು ಮಾಡುತ್ತಿದ್ದಾಗ ಅವ್ವ ತಣ್ಣಗೆ ಹೇಳಿದಳು, "ಬೀಜದ ಮಡಕೇಲಿ ಮಡಗಿವ್ನಿ. ಬೂದಿ, ಬೇವಿನ ಸೊಪ್ಪು ಎಲ್ಲಾ ಆಕಿವ್ನಿ. ಯಾವ ಶೀತನೂ ತಾಕಲ್ಲ."

ಮಡಕೆಯ ಬಾಯಿಗೆ ಸಗಣಿ ಮೆತ್ತಿ ಆಗಿತ್ತು. ಒಡೆಯಲು ಹೋದೆ. "ಮುಟ್ಟಿದ್ರೆ ನೋಡು! ಬಿತ್ತನೆಗೆ ಮುಂಚೆ ಬಾಯಿ ತೆಗೆದ್ರೆ ಹುಳ ಬೀಳ್ತದೆ. ಬೀಜ ಹೋದ್ರೆ ನಿನ್ನ ಕಂಪ್ಯೂಟರು ಕೊಟ್ಟಾತಾ?" ಅಂದಳು. ಅವ್ವನ ಮುಂದೆ ನನ್ನ ಡಿಗ್ರಿ ಯಾವ ಕಾಲಕ್ಕೂ ನಡೆದಿಲ್ಲ. ಆರು ತಿಂಗಳು ಮಳೆಯ ದಾರಿ ನೋಡುತ್ತ ಕೂತೆ.

ಬಿತ್ತನೆಯ ದಿನ ಮಡಕೆ ತೆರೆದಳು. ಅವರೆ ಬೀಜ ಫಳಫಳ ಹೊಳೆಯುತ್ತಿತ್ತು, ಒಂದಕ್ಕೂ ಹುಳವಿಲ್ಲ. ಡಿಸ್ಕಿನ ತೂತುತೂತಿನಲ್ಲೂ ಬೂದಿ. ಒರೆಸಿ, ಊದಿ, ಕಂಪ್ಯೂಟರಿಗೆ ಸಿಕ್ಕಿಸಿದೆ. ಕಿರ್ರೆಂದು ಎರಡು ಸಲ ನರಳಿ ಸತ್ತಿತು. ಮೈಸೂರಿನ ರಿಪೇರಿಯವನೂ ಕೈ ಚೆಲ್ಲಿದ.

ಆವತ್ತು ಅವ್ವನಿಗೆ ಬಾಯಿಗೆ ಬಂದಂತೆ ಬೈದೆ. ಬೈಯಬಾರದಿತ್ತು. ಆದರೆ ಅಪ್ಪ ಎರಡನೇ ಸಲ ಸತ್ತಷ್ಟು ಸಂಕಟವಾಗಿತ್ತು. ಅವ್ವ ಎಲ್ಲ ಕೇಳಿಸಿಕೊಂಡು, "ಮುಗೀತಾ? ಬೀಜನ ಯಾರಾದ್ರೂ ಒಂದೇ ಮನೇಲಿ ಮಡಗ್ತಾರೇನ್ಲಾ? ನಮ್ದು ಕೆಟ್ರೆ ಇಸ್ಕಳಾಕೆ ಅಂತ ಇನ್ನೊಂದು ಮನೇಗೆ ಕೊಟ್ಟಿರ್ತೀವಿ. ಕೆ.ಆರ್. ನಗರಕ್ಕೆ, ನಿಮ್ಮಕ್ಕನ ಮನೇಗೆ ಓಗು" ಅಂದಳು.

ಮಡಕೆಗೆ ಹಾಕುವ ಮುಂಚೆಯೇ ಅವ್ವ ನನ್ನ ಹೆಂಡತಿಯ ಕೈಲಿ ಆ ವಿಡಿಯೊವನ್ನು ಅಕ್ಕನ ಫೋನಿಗೆ ಹಾಕಿಸಿದ್ದಳಂತೆ. ಮೊದಲೇ ಹೇಳಬಾರದಿತ್ತೇ ಎಂದು ಹೆಂಡತಿಯ ಮೇಲೆ ಹಾರಿದೆ. "ನೀವು ಬಯ್ಯೋದು ಮುಗೀಲಿ ಅಂತ ಕಾಯ್ತಿದ್ದೆ ಕಣ್ರೀ" ಅಂದಳು.

ಸಿಕ್ಕಿದ ಬಸ್ಸು ಹತ್ತಿದೆ. ಅಕ್ಕನ ಮನೆ ಬಾಗಿಲಲ್ಲಿ ಫೋನು ನೋಡುತ್ತಾ ಚಪ್ಪಲಿ ಬಿಡುತ್ತಿದ್ದೆ. ಒಳಗಿಂದ ಅಪ್ಪ ಗುಡುಗಿದ: "ಏನ್ಲಾ ಅದ್ನ ಇಡ್ಕಂಡು ನಿಂತಿದ್ದೀಯ? ಮಡುಗ್ಲಾ ಕೆಳಕ್ಕೆ!"

ಫೋನನ್ನು ಜಗಲಿಯ ಮೇಲೆ ಇಟ್ಟೇಬಿಟ್ಟೆ. ನಲವತ್ತು ದಾಟಿದ ಮೇಷ್ಟ್ರು ನಾನು, ಕೈ ಕಟ್ಟಿ ನಿಂತೆ.

ಅಕ್ಕ ಆ ಬೈಗುಳವನ್ನು ರಿಂಗ್‌ಟೋನ್ ಮಾಡಿಕೊಂಡಿದ್ದಳು. ಫೋನು ಹಿಡಿದು ಹೊರಗೆ ಬಂದು ನನ್ನ ಅವಸ್ಥೆ ನೋಡಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಕರೆ ಮಾಡುತ್ತಿದ್ದವಳು ಅವ್ವ, ಬೀಜ ಸಿಕ್ಕಿತಾ ಎಂದು ಕೇಳಲು.

"ಎತ್ತಕ್ಕ" ಅಂದೆ.

"ನೀನೇ ಎತ್ತು ಕಣ್ಲಾ" ಅಂದಳು.

ಎತ್ತಿದರೆ ಅಪ್ಪನ ಮಾತು ನಿಂತುಹೋಗುತ್ತದೆ. ಇಬ್ಬರೂ ಎತ್ತಲಿಲ್ಲ. ಸೊಪ್ಪು ಎತ್ಕೊಡು ಎನ್ನುವವರೆಗೂ ಬೈಸಿಕೊಂಡೆವು. ಅವ್ವ ಮತ್ತೆ ಫೋನು ಮಾಡಿದಳು. ಆಗಲೂ ಎತ್ತಲಿಲ್ಲ.